ಪಕ್ಕದ ಸೀಟಿನ ಹಾಡು

ಇಂಗ್ಲೆಂಡಿನಲ್ಲಿ ಸ್ಟಾಕ್‌ಪೋರ್ಟಿನಿಂದ ಲೀಡ್ಸ್‌ವರೆಗೆ ಯಾವ ಕನ್ನಡದವರ ಮನೆಗೆ ಊಟಕ್ಕೆ ಹೋದರೂ ಈಗ ಒಂದು ಕತೆ ಕೇಳಬಹುದು. ಊಟ ಮುಗಿದು, ಮಕ್ಕಳು ಮಹಡಿಗೆ ಓಡಿ, ದೊಡ್ಡವರು ಕಾಲು ಚಾಚಿ ಕೂತ ಮೇಲೆ ಯಾರಾದರೊಬ್ಬರು ಅದನ್ನು ಶುರು ಮಾಡುತ್ತಾರೆ. ಮೈಸೂರಿನಿಂದ ಒಬ್ಬ ಹೆಂಗಸು ಮಗಳ ಮನೆಗೆ ಬಂದಿದ್ದರಂತೆ. ಪಾಪ, ಏನೂ ಅರಿಯದವರು. ಮಗಳು ಕೇಳುತ್ತಿದ್ದ ಯಾವುದೋ ಜಪಾನೀ ಪ್ರೇಮಗೀತೆಯನ್ನು ದೇವರನಾಮ ಅಂದುಕೊಂಡು ಪುಸ್ತಕಕ್ಕೆ ಬರೆದುಕೊಂಡರಂತೆ. ಶುಕ್ರವಾರದ ಭಜನೆಯಲ್ಲಿ ಕಣ್ಣು ಮುಚ್ಚಿ ಹಾಡಿದರಂತೆ. ಉಳಿದವರೂ ತಾಳ ಹಾಕಿ ಹಿಂದೆ ಹಿಂದೆ ಹಾಡಿ, ಕೊನೆಗೆ ಮಂಗಳಾರತಿಯನ್ನೂ ಎತ್ತಿದರಂತೆ.

ಕತೆ ಚೆನ್ನಾಗಿದೆ. ಹೇಳುವವರು ತಾಳದ ಸದ್ದನ್ನು ಬಾಯಲ್ಲೇ ಮಾಡಿ ತೋರಿಸುತ್ತಾರೆ. ಒಂದು ಮನೆಯಲ್ಲಿ ಆ ಹಾಡು ಚೀನೀ ಹಾಡಾಗಿತ್ತು, ಇನ್ನೊಂದು ಮನೆಯಲ್ಲಿ ಆ ಹೆಂಗಸು ಹಾಡುತ್ತ ಎದ್ದು ಕುಣಿದಿದ್ದರು. ಎಲ್ಲ ರೂಪಗಳಲ್ಲೂ ಬದಲಾಗದೆ ಉಳಿಯುವುದು ಒಂದೇ: ಆಕೆಗೆ ತಾನು ಏನು ಹಾಡುತ್ತಿದ್ದೇನೆ ಎಂದು ಗೊತ್ತಿರಲಿಲ್ಲ.

ಆಕೆ ನನ್ನ ಅಮ್ಮ. ಆ ಶುಕ್ರವಾರ ನಾನು ಅಲ್ಲೇ ಇದ್ದೆ. ಈ ಕತೆಯನ್ನು ನಾನು ಒಪ್ಪುವುದಿಲ್ಲ.

ಮೂರು ವರ್ಷ ಕಾಲೇಜಿನ ಚರ್ಚಾ ತಂಡದಲ್ಲಿದ್ದವಳು ನಾನು. ಬೆಳಿಗ್ಗೆ ಒಂದು ವಿಷಯದ ಪರವಾಗಿ, ಮಧ್ಯಾಹ್ನ ಅದರ ವಿರುದ್ಧವಾಗಿ ಮಾತನಾಡಿ ಎರಡೂ ಸಲ ಗೆದ್ದು ಬಂದದ್ದಿದೆ. ಹಾಗಾಗಿ ಒಪ್ಪುವುದಿಲ್ಲ ಎಂದರೆ ಸಾಲದು, ಆಧಾರ ಬೇಕು ಎಂಬುದು ನನಗೆ ಗೊತ್ತು. ಆಧಾರಕ್ಕೆ ಬರುತ್ತೇನೆ. ಮೊದಲು ಆ ಹಾಡು ನಮ್ಮ ಮನೆಗೆ ಬಂದದ್ದು ಹೇಗೆ ಎಂದು ಹೇಳಬೇಕು.

ತಂದವಳು ಅಕ್ಕ. ಎಂಜಿನಿಯರಿಂಗ್ ಮುಗಿಸಿ ಬೆಂಗಳೂರಿನಲ್ಲಿ ಮೊದಲು ಸೇರಿದ ಕಂಪನಿಗೆ ಜಪಾನಿನವರ ಕೆಲಸ ಇತ್ತು. ವಾರಕ್ಕೆ ಮೂರು ದಿನ ಆಫೀಸಿನಲ್ಲೇ ಜಪಾನೀ ಭಾಷೆಯ ಪಾಠ. ಪಾಠ ಹೇಳುತ್ತಿದ್ದಾಕೆ ಕ್ರಿಯಾಪದಗಳನ್ನು ಹಾಡಿನಿಂದ ಕಲಿಸುತ್ತಿದ್ದರಂತೆ. ನಲವತ್ತು ಜನ ಎಂಜಿನಿಯರುಗಳು ಕ್ಯಾಂಟೀನಿನ ಪಕ್ಕದ ಕೋಣೆಯಲ್ಲಿ ಕೂತು ಯಾರದೋ ಅಗಲಿಕೆಯನ್ನು ಭೂತಕಾಲದಲ್ಲಿ, ವರ್ತಮಾನಕಾಲದಲ್ಲಿ ಹಾಡುತ್ತಿದ್ದರು. ಕಂಪನಿ ಬಿಟ್ಟರೂ, ಮದುವೆಯಾಗಿ ಇಂಗ್ಲೆಂಡಿಗೆ ಬಂದು ಮ್ಯಾಂಚೆಸ್ಟರಿನಲ್ಲಿ ಬೇರೆ ಕೆಲಸ ಹಿಡಿದರೂ ಅಕ್ಕ ಆ ಹಾಡುಗಳನ್ನು ಬಿಡಲಿಲ್ಲ. ಮನೆ ಇರುವ ಸ್ಟಾಕ್‌ಪೋರ್ಟಿನಿಂದ ಮ್ಯಾಂಚೆಸ್ಟರಿನ ಪಿಕಡಿಲಿ ಸ್ಟೇಷನ್ನಿಗೆ ಹೋಗುವ ರೈಲಿನಲ್ಲಿ ದಿನಾ ಅವೇ.

ನಾನು ಲೀಡ್ಸಿಗೆ ಓದಲು ಬಂದು ಹೆಡಿಂಗ್ಲೀಯಲ್ಲಿ ಕೋಣೆ ಹಿಡಿದ ಮೇಲೆ ತಿಂಗಳಿಗೆರಡು ಸಲ ಅಕ್ಕನ ಮನೆಗೆ ಹೋಗುತ್ತಿದ್ದೆ. ಹೋದಾಗಲೆಲ್ಲ ಆ ಹಾಡುಗಳ ಮೇಲೆ ನಮ್ಮ ಜಗಳ. ನನ್ನ ವಾದ ಸರಳವಾಗಿತ್ತು: ಇವು ಮನಸ್ಸಿನಿಂದ ಬಂದ ಹಾಡುಗಳಲ್ಲ, ಅಡುಗೆ ಪುಸ್ತಕದಿಂದ ಬಂದವು. ಒಂದು ರೈಲ್ವೆ ಸ್ಟೇಷನ್, ಒಂದು ಋತು, ಹೇಳದೆ ಉಳಿದ ಒಂದು ಮಾತು, ಯಾರಿಗೋ ಒಂದು ಧನ್ಯವಾದ. ಕೊನೆಯ ಚರಣಕ್ಕೆ ಸರಿಯಾಗಿ ಶ್ರುತಿ ಒಂದು ಮೆಟ್ಟಿಲು ಏರುತ್ತದೆ. ಅಲ್ಲಿ ಅಳದಿದ್ದರೆ ನಿಮಗೆ ಕಿವಿ ಕೇಳುವುದಿಲ್ಲ ಎಂದರ್ಥ. ‘ನಿನ್ನ ಕಣ್ಣೀರಿಗೆ ಅವರು ಮೊದಲೇ ಟೈಮ್ ಫಿಕ್ಸ್ ಮಾಡಿಟ್ಟಿದ್ದಾರೆ ಕಣೇ’ ಎಂದು ಅಕ್ಕನನ್ನು ರೇಗಿಸುತ್ತಿದ್ದೆ. ಅವಳು ಬಿಡುತ್ತಿರಲಿಲ್ಲ. ನಮ್ಮ ಭಾವಗೀತೆಗಳಲ್ಲಿ ಬೆಳದಿಂಗಳು ಎಷ್ಟು ಸಲ ಬರುತ್ತದೆ ಎಣಿಸಿದ್ದೀಯಾ ಎನ್ನುತ್ತಿದ್ದಳು. ಭಾವ ಇಬ್ಬರ ನಡುವೆ ಟೀ ಇಟ್ಟು ಮಹಡಿಗೆ ಹೋಗಿಬಿಡುತ್ತಿದ್ದರು.

ಅವಳಿಗೆ ಎಲ್ಲಕ್ಕಿಂತ ಇಷ್ಟವಾದ ಹಾಡು ಒಂದಿತ್ತು. ಅದರಲ್ಲಿ ಒಬ್ಬಾಕೆ ದಿನಾ ಕೆಲಸಕ್ಕೆ ರೈಲಿನಲ್ಲಿ ಹೋಗುತ್ತಾಳೆ. ಜೊತೆಗೆ ಬರಬೇಕಿದ್ದವರು ಈಗ ಇಲ್ಲ. ಪಕ್ಕದ ಸೀಟಿನ ಮೇಲೆ ಅವಳು ತನ್ನ ಚೀಲ ಇಡುವುದಿಲ್ಲ. ಖಾಲಿ ಇದೆಯೇ ಎಂದು ಕೇಳಿದವರಿಗೆ ಇಲ್ಲ ಎನ್ನುತ್ತಾಳೆ. ಮರೆತುಬಿಡು ಎಂದವರಿಗೆ ಬಗ್ಗಿ ವಂದನೆ ಹೇಳಿ ಮತ್ತೆ ಹಾಗೇ ಕೂರುತ್ತಾಳೆ. ಕೊನೆಗೆ, ಶ್ರುತಿ ಏರಿದ ಮೇಲೆ, ನೀನು ಹತ್ತದೆ ಹೋದ ಸ್ಟೇಷನ್ನಿನ ಹೆಸರನ್ನು ಗಟ್ಟಿಯಾಗಿ ಓದುತ್ತೇನೆ ಎನ್ನುತ್ತಾಳೆ. ಅಷ್ಟೇ.

ತುಂಬಿದ ರೈಲಿನಲ್ಲಿ ಒಂದು ಸೀಟು ಹಿಡಿದಿಟ್ಟುಕೊಂಡು ನಿಂತವರನ್ನು ಕೂರಿಸದಿರುವುದಕ್ಕೆ ಪ್ರೀತಿ ಅನ್ನುವುದಿಲ್ಲ, ನಾಗರಿಕ ಪ್ರಜ್ಞೆ ಇಲ್ಲದಿರುವುದು ಅನ್ನುತ್ತಾರೆ ಎಂದು ನಾನು ಹೇಳಿದ್ದೆ. ಅಕ್ಕ ಅವತ್ತು ತುಂಬ ನಕ್ಕಿದ್ದಳು. ಆಗ ಅವಳಿಗೆ ಐದು ತಿಂಗಳು.

ಅಮ್ಮನಿಗೆ ವೀಸಾ ಆಗಿತ್ತು. ಬಾಣಂತನಕ್ಕೆಂದು ಆರು ತಿಂಗಳಿಗೆ ಬರುವವಳಿದ್ದಳು. ವಾರಕ್ಕೆ ಮುಂಚಿನಿಂದಲೇ ಸೂಟ್‌ಕೇಸು ತುಂಬಿ, ತೂಗಿ, ಮತ್ತೆ ಬಿಚ್ಚಿ ನಮಗೆ ವಿಡಿಯೋದಲ್ಲಿ ತೋರಿಸುತ್ತಿದ್ದಳು: ಅಂಟಿನುಂಡೆ, ಬಜೆ, ಹಳೇ ಹತ್ತಿ ಸೀರೆಯ ತುಂಡುಗಳು, ತಾನೇ ಹೊಲಿದ ಎರಡು ಕುಲಾವಿ.

ಮೂವತ್ತಾರನೆಯ ವಾರದಲ್ಲಿ ಒಂದು ಬೆಳಿಗ್ಗೆ ಮಗುವಿನ ಎದೆಬಡಿತ ಸಿಗಲಿಲ್ಲ. ಕಾರಣ ಇಂಥದ್ದೇ ಎಂದು ಯಾರಿಗೂ ಹೇಳಲಾಗಲಿಲ್ಲ. ಹೆಣ್ಣುಮಗು. ಇಲ್ಲಿನ ಪದ್ಧತಿಯಂತೆ ಆಸ್ಪತ್ರೆಯವರು ಒಂದು ಪೆಟ್ಟಿಗೆ ಕೊಟ್ಟರು. ಅದರಲ್ಲಿ ಪಾದದ ಅಚ್ಚು, ಒಂದು ಚಿಕ್ಕ ಹೊದಿಕೆ. ಆಮೇಲೆ ನೋಂದಣಿ ಕಚೇರಿಯಲ್ಲಿ ಒಂದು ಪ್ರಮಾಣಪತ್ರ. ಹೆಸರಿನ ಜಾಗ ಬೇಕಿದ್ದರೆ ಖಾಲಿ ಬಿಡಬಹುದು ಎಂದು ಅಲ್ಲಿದ್ದಾಕೆ ಮೆಲ್ಲಗೆ ಹೇಳಿದರಂತೆ. ಅಕ್ಕ ಖಾಲಿ ಬಿಡಲಿಲ್ಲ, ಹೆಸರು ಹೇಳಿದಳು.

ಆ ಹೆಸರನ್ನು ನಮ್ಮ ಕಡೆಯವರು ಯಾರೂ ಕೇಳಲಿಲ್ಲ. ಫೋನುಗಳು ಬಂದವು. ಎಲ್ಲರ ಮಾತೂ ಒಂದೇ: ಏನೂ ಆಗಿಲ್ಲ ಅಂದುಕೋ, ವಯಸ್ಸಿದೆ, ಇನ್ನೊಂದಾಗುತ್ತದೆ. ಅಂಥ ಮಗುವಿಗೆ ಹೆಸರಿಡಬಾರದು, ನೆನೆಯಬಾರದು ಎಂದು ದೊಡ್ಡಮ್ಮ ಹೇಳಿದರು. ಅಪ್ಪ ‘ಇನ್ನು ಆ ವಿಷಯ ಬೇಡ’ ಎಂದರು. ಅದನ್ನು ಅವರು ಪ್ರೀತಿಯಿಂದಲೇ ಹೇಳಿದರು. ಪ್ರೀತಿಯಿಂದ ಹೇಳಿದ ತಪ್ಪನ್ನು ತಿದ್ದುವುದು ಎಷ್ಟು ಕಷ್ಟ ಎಂದು ನನಗೆ ಆಗ ಗೊತ್ತಾಯಿತು.

ಈಗ ನನ್ನ ಭಾಗ. ದಹನಕ್ಕೆ ಹೋದವರು ಭಾವ ಮತ್ತು ನಾನು, ಇಬ್ಬರೇ. ಅಕ್ಕನಿಗೆ ಎದ್ದು ನಿಲ್ಲುವ ಶಕ್ತಿ ಇರಲಿಲ್ಲ. ಅಲ್ಲಿ ಕಪ್ಪು ಕೋಟಿನ ಒಬ್ಬರು ಬಂದು, ಯಾವುದಾದರೂ ಹಾಡು ಹಾಕಬೇಕೇ ಎಂದು ಕೇಳಿದರು. ಭಾವ ಫೋನು ತೆಗೆದು ನನಗೆ ತೋರಿಸಿದರು. ಅಕ್ಕ ಮಲಗಿದಲ್ಲಿಂದಲೇ ಆ ಹಾಡನ್ನು ಕಳಿಸಿದ್ದಳು. ಕೆಳಗೆ ‘ಇದು ಹಾಕಿಸಿ’ ಎಂದು ಎರಡೇ ಪದ.

ನಾನು ಬೇಡ ಎಂದೆ. ಇಲ್ಲಿ ಪಾಪ್ ಹಾಡು ಚೆನ್ನಾಗಿರುವುದಿಲ್ಲ, ಮುಂದೆ ನಿಮಗೇ ಬೇಜಾರಾಗುತ್ತದೆ ಎಂದು ವಾದಿಸಿದೆ. ಭಾವನಿಗೆ ವಾದ ಮಾಡುವ ಸ್ಥಿತಿ ಇರಲಿಲ್ಲ. ಜೀವನದಲ್ಲಿ ನಾನು ಅತಿ ಸುಲಭವಾಗಿ ಗೆದ್ದ ಚರ್ಚೆ ಅದು. ಹತ್ತು ನಿಮಿಷ ಸದ್ದಿಲ್ಲದೆ ನಿಂತು ಬಂದೆವು. ಮನೆಗೆ ಬಂದಾಗ ಅಕ್ಕ ‘ಹಾಕಿದ್ರಾ’ ಎಂದು ಕೇಳಿದಳು. ಹೂಂ ಎಂದೆ.

ಹತ್ತು ದಿನದ ಮೇಲೆ ಅಮ್ಮ ಬಂದಳು. ಟಿಕೆಟ್ಟು ರದ್ದು ಮಾಡು ಎಂದು ಎಲ್ಲರೂ ಹೇಳಿದ್ದರು. ಅವಳು ಮಾಡಲಿಲ್ಲ. ಕುಲಾವಿಗಳನ್ನು ಬಿಟ್ಟು ಬಂದಿದ್ದಳು, ಅಂಟಿನುಂಡೆ ತಂದಿದ್ದಳು. ಹೆತ್ತವಳಂತೂ ಹೆತ್ತಿದ್ದಾಳೆ, ಅವಳ ಸೊಂಟಕ್ಕೆ ಇದೆಲ್ಲ ಬೇಕೇ ಬೇಕು ಎಂದು ಮೊದಲ ದಿನವೇ ಅಕ್ಕನಿಗೆ ಎಣ್ಣೆ ಹಚ್ಚಿ ಬಿಸಿನೀರು ಹಾಕಿದಳು. ಮಗುವಿನ ಮಾತು ಮಾತ್ರ ಎತ್ತಲಿಲ್ಲ. ಊರಿನಿಂದ ಹೊರಡುವಾಗ ಎಲ್ಲರೂ ಅವಳಿಂದ ಮಾತು ತೆಗೆದುಕೊಂಡಿದ್ದರು.

ಅಮ್ಮ ಏನೂ ಅರಿಯದವಳು ಎನ್ನುವವರು ಅವಳ ಕೆಲಸ ಏನು ಎಂದು ತಿಳಿದಿರಬೇಕು. ಅಂಚೆ ಕಚೇರಿಯಲ್ಲಿ ಮೂವತ್ತು ವರ್ಷ ಕೆಲಸ ಮಾಡಿ ನಿವೃತ್ತಳಾದವಳು. ಅಡ್ಡಾದಿಡ್ಡಿ ವಿಳಾಸಗಳನ್ನು ಓದಿ ಅವು ಸೇರಬೇಕಾದ ಮನೆಗೆ ಸೇರಿಸಿದವಳು. ಅವಳ ಹತ್ತಿರ ಹಾಡುಗಳ ಒಂದು ಪುಸ್ತಕವಿದೆ. ಉದ್ದನೆಯ ನೋಟ್‌ಬುಕ್ಕು, ಕಂದು ಕಾಗದದ ಹೊದಿಕೆ. ಹೆಂಗಸರ ಹಾಡಿನ ಪುಸ್ತಕಗಳು ಎಲ್ಲ ಮನೆಗಳಲ್ಲೂ ಇರುತ್ತವೆ. ಅಮ್ಮನದರಲ್ಲಿ ಮಾತ್ರ ಪ್ರತಿ ಹಾಡಿನ ತಲೆಯ ಮೇಲೆ ಕಾಗದದ ಲಕೋಟೆಯ ಮೇಲಿರುವ ಹಾಗೆ ಎರಡು ಸಾಲು. ‘ಗೆ’ ಎಂದು ಬರೆದು ಅದರ ಮುಂದೆ ಯಾವ ದೇವರದೋ ಆ ಹೆಸರು. ‘ಇಂದ’ ಎಂದು ಬರೆದು ಅದರ ಮುಂದೆ ಹಾಡು ಕಲಿಸಿದವರ ಹೆಸರು. ಈ ಎರಡು ಸಾಲು ತುಂಬದೆ ಹಾಡು ಅವಳ ಮಟ್ಟಿಗೆ ಪುಸ್ತಕ ಸೇರಿದಂತಲ್ಲ.

ಅಕ್ಕ ರಜೆಯಲ್ಲಿದ್ದಳು. ಬೆಳಿಗ್ಗೆಯಿಂದ ಆ ಹಾಡು ಅಡುಗೆಮನೆಯ ಸ್ಪೀಕರಿನಲ್ಲಿ ತಿರುಗುತ್ತಿರುತ್ತಿತ್ತು. ಅಮ್ಮ ಅದರ ಜೊತೆಗೇ ಒಗ್ಗರಣೆ ಹಾಕುತ್ತಿದ್ದಳು. ಮೂರನೆಯ ವಾರ ನಾನು ಹೋದಾಗ ಕೊತ್ತಂಬರಿ ಸೊಪ್ಪು ಬಿಡಿಸುತ್ತ, ನನ್ನ ಕಡೆ ನೋಡದೆ ಕೇಳಿದಳು.

‘ಆ ಹಾಡು ಏನೇ ಹೇಳತ್ತೆ?’

ಹೇಳಿದರೆ ಎಲ್ಲ ಹೇಳಬೇಕಾಗುತ್ತಿತ್ತು. ಪಕ್ಕದ ಸೀಟು, ಮಗು, ಭಾವನ ಫೋನು, ಆ ಎರಡು ಪದ, ನಾನು ಗೆದ್ದ ವಾದ.

‘ದೇವರ ಹಾಡಿನ ಥರಾನೇ ಅಮ್ಮ,’ ಎಂದೆ. ‘ಬುದ್ಧನ ಮೇಲೆ.’

‘ಹೌದಾ,’ ಎಂದಳು. ದಂಟುಗಳನ್ನು ಒಂದು ಕಡೆಗೆ ಜೋಡಿಸಿಟ್ಟಳು.

ಮುಂದಿನ ಶನಿವಾರ ನಾನು ಬಾಗಿಲು ತೆಗೆದು ಒಳಗೆ ಹೋದಾಗ ಇಬ್ಬರೂ ಊಟದ ಮೇಜಿಗೆ ಕೂತಿದ್ದರು. ಅಕ್ಕ ಸಾಲು ಸಾಲಾಗಿ ಹೇಳುತ್ತಿದ್ದಳು, ಅಮ್ಮ ಕಪ್ಪು ಪೆನ್ನಿನಲ್ಲಿ ಕನ್ನಡದಲ್ಲಿ ಬರೆದುಕೊಳ್ಳುತ್ತಿದ್ದಳು. ‘ತೊನರಿ ನೊ ಸೆಕಿ ನಿ, ಕಬನ್ ವ ಒಕನಯಿ.’ ಪಕ್ಕದ ಸೀಟಿನ ಮೇಲೆ ಚೀಲ ಇಡುವುದಿಲ್ಲ. ಇಂಗ್ಲಿಷಿನಲ್ಲಿ ಬರೆದರೆ ಮೂರು ಥರ ಓದಬಹುದಾದ ಆ ಸಾಲು ಕನ್ನಡದ ಅಕ್ಷರಗಳಲ್ಲಿ ಅಲುಗಾಡದೆ ಕೂತಿತ್ತು. ಅಕ್ಕ ‘ದೀರ್ಘ ಬೇಡ ಅಮ್ಮ, ಮೊಟಕು’ ಎಂದು ತಿದ್ದುತ್ತಿದ್ದಳು. ಅವಳು ಇನ್ನೊಬ್ಬರನ್ನು ತಿದ್ದಿದ್ದನ್ನು ಕೇಳಿ ತಿಂಗಳಾಗಿತ್ತು.

ಬರೆದು ಮುಗಿದ ಮೇಲೆ ನಾನು ಪುಸ್ತಕ ತೆಗೆದು ನೋಡಿದೆ. ‘ಇಂದ: ದೊಡ್ಡ ಮಗಳು.’ ‘ಗೆ’ ಎಂಬುದರ ಮುಂದೆ ಏನೂ ಇರಲಿಲ್ಲ. ಇದನ್ನು ಗಮನದಲ್ಲಿಟ್ಟುಕೊಳ್ಳಿ. ಹಿಂದಿನ ವಾರವಷ್ಟೇ ನಾನು ಬುದ್ಧನ ಹೆಸರು ಹೇಳಿದ್ದೆ.

ಶುಕ್ರವಾರದ ಭಜನೆ ನಡೆಯುವುದು ಧಾರವಾಡದ ಕಡೆಯ ಒಬ್ಬ ಆಂಟಿಯ ಮನೆಯಲ್ಲಿ, ಅಕ್ಕನ ಮನೆಯಿಂದ ಹತ್ತು ನಿಮಿಷದ ನಡಿಗೆ. ಸಂಜೆ ಆರಕ್ಕೆ ಇಪ್ಪತ್ತು ಜನ ಹೆಂಗಸರು ಸೇರುತ್ತಾರೆ. ಒಬ್ಬರಿಗೆ ಒಂದು ಹಾಡು. ಒಬ್ಬರು ಒಂದು ಸಾಲು ಹೇಳಿದರೆ ಉಳಿದವರೆಲ್ಲ ಅದೇ ಸಾಲನ್ನು ತಿರುಗಿ ಹೇಳಬೇಕು. ಊರಿನಿಂದ ಬಂದ ಅತಿಥಿಗೆ ಕೊನೆಯ ಹಾಡು, ಅದಾದ ಮೇಲೆ ಮಂಗಳಾರತಿ. ಅಮ್ಮ ಅಕ್ಕನನ್ನೂ ಹೊರಡಿಸಿದಳು. ಮಗು ಹೋದ ಮೇಲೆ ಅಕ್ಕ ಇನ್ನೊಬ್ಬರ ಮನೆಯೊಳಗೆ ಕಾಲಿಟ್ಟದ್ದು ಅದೇ ಮೊದಲು. ನಾನೂ ಜೊತೆಗೆ ಹೋದೆ.

ಯಾರೂ ಏನೂ ಕೇಳಲಿಲ್ಲ. ಕೇಳಬಾರದು ಎಂದು ಮೊದಲೇ ಮಾತಾಗಿತ್ತು ಎನ್ನುವುದು ಬಾಗಿಲಲ್ಲೇ ಗೊತ್ತಾಯಿತು. ಎಲ್ಲರೂ ಅಕ್ಕನ ಜೊತೆ ಯಾವ ಪೋಸ್ಟ್‌ಕೋಡಿಗೆ ಯಾವ ಸ್ಕೂಲು ಸಿಗುತ್ತದೆ ಎನ್ನುವುದು, ಜಿಪಿ ಡಾಕ್ಟರರ ಅಪಾಯಿಂಟ್‌ಮೆಂಟ್ ಸಿಗದಿರುವುದು, ಅಡುಗೆಮನೆ ರಿಪೇರಿ, ಹೀಗೆ ಮಾತು ನಿಲ್ಲದ ಹಾಗೆ ನೋಡಿಕೊಂಡರು. ಅಕ್ಕ ಸೋಫಾದ ತುದಿಯಲ್ಲಿ ಕೂತಳು. ಅವಳ ಪಕ್ಕದ ಜಾಗ ಬಿಟ್ಟು ಆಚೆಗೆ ಅಮ್ಮ. ನಾನು ಅಡುಗೆಮನೆಯಲ್ಲಿ ಕೋಸಂಬರಿಗೆ ನಿಂಬೆಹಣ್ಣು ಹಿಂಡುತ್ತ ಬಾಗಿಲಿನಿಂದ ನೋಡುತ್ತಿದ್ದೆ. ತಡವಾಗಿ ಬಂದ ಒಬ್ಬಾಕೆ ಆ ನಡುವಿನ ಜಾಗಕ್ಕೆ ಬಂದರು.

‘ಅಲ್ಲಿ ಬೇಡಿ, ಈ ಕಡೆ ಬನ್ನಿ,’ ಎಂದು ಅಮ್ಮ ತಾನು ಜರುಗಿ ಇನ್ನೊಂದು ಪಕ್ಕದಲ್ಲಿ ಜಾಗ ಮಾಡಿಕೊಟ್ಟಳು.

ನಾನು ಕೈ ತೊಳೆದು ಬಂದಾಗಲೂ ಆ ಜಾಗ ಹಾಗೇ ಇತ್ತು. ಅಮ್ಮ ನನ್ನನ್ನು ಕಣ್ಣಲ್ಲೇ ನೆಲದ ಮೇಲೆ ಕೂರಿಸಿದಳು.

ಅಮ್ಮನ ಸರದಿ ಬಂತು. ಪುಸ್ತಕ ತೆಗೆದು ತೊಡೆಯ ಮೇಲಿಟ್ಟುಕೊಂಡಳು. ಮೊದಲ ಸಾಲಿಗೇ ಅದು ಅಕ್ಕನ ಹಾಡು ಎಂದು ಗೊತ್ತಾಯಿತು. ಅವಳು ಆ ಹಾಡನ್ನು ಅರ್ಧ ವೇಗಕ್ಕೆ ಇಳಿಸಿದ್ದಳು. ಸಿಂಥಸೈಸರು ಇಲ್ಲ, ಕೊನೆಗೆ ಏರುವ ಶ್ರುತಿಯೂ ಇಲ್ಲ. ಸಂಜೆಯ ಹೊತ್ತು ಮನೆಯಲ್ಲಿ ದೀಪ ಹಚ್ಚುವಾಗ ಹಾಡುವ ಹಾಗೆ, ಯಾರನ್ನೂ ಅಳಿಸುವ ಉದ್ದೇಶವಿಲ್ಲದ ಹಾಗೆ. ಆಂಟಿಯ ತಾಳ ತಾನಾಗಿ ಹೊಂದಿಕೊಂಡಿತು. ಪಕ್ಕದ ಸೀಟಿನ ಮೇಲೆ ಚೀಲ ಇಡುವುದಿಲ್ಲ ಎಂದು ಅಮ್ಮ ಜಪಾನೀ ಭಾಷೆಯಲ್ಲಿ ಹೇಳಿದಳು. ಪಕ್ಕದ ಸೀಟಿನ ಮೇಲೆ ಚೀಲ ಇಡುವುದಿಲ್ಲ ಎಂದು ಇಪ್ಪತ್ತು ಜನ ತಿರುಗಿ ಹೇಳಿದರು. ಮಗುವಿನ ವಿಷಯ ಎತ್ತಬಾರದು ಎಂದು ಮಾತಾಡಿಕೊಂಡು ಬಂದಿದ್ದ ಇಪ್ಪತ್ತು ಜನ, ಖಾಲಿ ಇದೆಯೇ ಎಂದು ಕೇಳಿದರೆ ಇಲ್ಲ ಎನ್ನುತ್ತೇನೆ ಎಂದು ಒಂದೇ ದನಿಯಲ್ಲಿ ಹಾಡಿದರು.

ಅಕ್ಕ ಮೊದಲ ಚರಣಕ್ಕೆ ತುಟಿ ಬಿಚ್ಚಲಿಲ್ಲ. ಎರಡನೆಯದಕ್ಕೆ ಸೇರಿಕೊಂಡಳು. ಸ್ಟೇಷನ್ನಿನ ಹೆಸರನ್ನು ಗಟ್ಟಿಯಾಗಿ ಓದುವ ಸಾಲು ಬಂದಾಗ ಅಮ್ಮ ಹೇಳಿಕೊಡುವವರೆಗೂ ಕಾಯಲಿಲ್ಲ, ತಾನೇ ಎತ್ತಿಕೊಂಡಳು. ಉಳಿದವರು ಅವಳ ಹಿಂದೆ ಹೋದರು. ಅವಳ ಬಲಗೈ ಪಕ್ಕದ ಖಾಲಿ ಜಾಗದ ಮೇಲಿತ್ತು.

ಮಂಗಳಾರತಿ ಆಯಿತು. ಆಂಟಿ ಅಮ್ಮನಿಗೆ ಕುಂಕುಮ ಕೊಡುತ್ತ ‘ಭಾಳ ಛಲೋ ಹಾಡಿದ್ರಿ. ಯಾವ ದೇವರದು ರೀ ಇದು?’ ಎಂದರು.

‘ದೊಡ್ಡ ಮಗಳು ಕಲಿಸಿದ್ದು,’ ಎಂದಳು ಅಮ್ಮ.

ಆ ಹೊತ್ತಿಗೆ ಆಂಟಿಯ ಮಗಳು ಮಹಡಿಯಿಂದ ಇಳಿದು ಬಂದಳು. ಇಲ್ಲೇ ಹುಟ್ಟಿ ಬೆಳೆದ ಹದಿನೈದರ ಹುಡುಗಿ. ಕನ್ನಡ ಎಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ‘ದಟ್ಸ್ ಲೈಕ್ ಎ ಬ್ರೇಕಪ್ ಸಾಂಗ್, ಆಂಟಿ,’ ಎಂದು ಅಮ್ಮನಿಗೆ ಹೇಳಿದಳು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಆ ಜಪಾನೀ ಹಾಡು ಅವಳಿಗೂ ಮೊದಲೇ ಗೊತ್ತಿತ್ತು, ಇಷ್ಟವಿತ್ತು. ಇಡೀ ಕೋಣೆ ನಕ್ಕಿತು. ಅಮ್ಮನೂ ನಕ್ಕಳು. ‘ಹೌದೇನಮ್ಮ, ನಂಗೇನು ಗೊತ್ತು,’ ಎಂದು ಪುಸ್ತಕ ಮುಚ್ಚಿ ಚೀಲಕ್ಕೆ ಹಾಕಿಕೊಂಡಳು. ಊರೂರು ಸುತ್ತುತ್ತಿರುವ ಕತೆ ಹುಟ್ಟಿದ್ದು ಅಲ್ಲಿ, ಅಮ್ಮನ ಆ ನಗುವಿನಿಂದ.

ನನ್ನ ಪಾಲನ್ನೂ ಬರೆಯಬೇಕು. ಚರ್ಚೆಯಲ್ಲಿ ರೋಲಿಂಗ್ ಶೀಲ್ಡು ಗೆದ್ದು ತಂದ ಬಾಯಿ ಅವತ್ತು ಕೋಸಂಬರಿ ತಿನ್ನುತ್ತಿತ್ತು.

ವಾಪಸು ನಡೆದು ಬರುವಾಗ ಅಮ್ಮ ಮುಂದೆ ಹೋಗುತ್ತಿದ್ದಳು. ಅಕ್ಕ ಹೆಜ್ಜೆ ನಿಧಾನ ಮಾಡಿದಳು.

‘ಅವತ್ತು ಹಾಕಿಸ್ಲಿಲ್ಲ, ಅಲ್ವಾ?’

‘ಇಲ್ಲ. ನಾನೇ ಬೇಡ ಅಂದೆ.’

‘ಗೊತ್ತು. ಇವರು ಹೇಳಿದ್ರು.’

ಕ್ಷಮಿಸು ಎನ್ನಬೇಕಿತ್ತು. ಅದರ ಬದಲು ನಾನು ಕಾರಣ ಹೇಳತೊಡಗಿದೆ. ಆ ಜಾಗ, ಆ ಹೊತ್ತು, ಆ ಹಾಡಿನ ಗುಣ. ಅಕ್ಕ ನನ್ನ ತೋಳು ಹಿಡಿದು ನಿಲ್ಲಿಸಿದಳು.

‘ವಾದ ಸಾಕು ಕಣೇ. ಇವತ್ತು ಇಪ್ಪತ್ತು ಜನ ಹಾಡಿದ್ರು. ಅವಳಿಗೆ ಅದು ಸಾಕು.’

ಅವಳು ಎಂದರೆ ಯಾರು ಎಂದು ನಾನು ಕೇಳಲಿಲ್ಲ. ಕೇಳಬೇಕಾಗಿಯೂ ಇರಲಿಲ್ಲ. ಅಕ್ಕನಿಗೆ ಬೇಕಾಗಿದ್ದದ್ದು ಇಷ್ಟೇ: ತನ್ನ ಮಗುವನ್ನು ಯಾರಾದರೂ ಒಂದು ಹಾಡು ಹಾಡಿ ಕಳಿಸಬೇಕು, ಆ ಮಗು ಇತ್ತು ಎಂದು ಒಪ್ಪಬೇಕು. ಸಮಾಧಾನ ಅವಳಿಗೆ ಬೇಕಿರಲಿಲ್ಲ. ಅದನ್ನು ಎಲ್ಲರೂ ಬೇಕಾದಷ್ಟು ಕೊಟ್ಟಿದ್ದರು.

ಅಮ್ಮ ಆರು ತಿಂಗಳು ಮುಗಿಸಿ ಹೋದಳು. ಆಮೇಲೆ ಯುಗಾದಿಗೆ ಲೀಡ್ಸಿನಲ್ಲಿ ಕನ್ನಡದ ವಿದ್ಯಾರ್ಥಿಗಳೆಲ್ಲ ಸೇರಿ ಊಟ ಇಟ್ಟುಕೊಂಡಿದ್ದೆವು. ಬರ್ಮಿಂಗ್‌ಹ್ಯಾಮಿನಿಂದ ಬಂದಿದ್ದ ಒಬ್ಬ ಹುಡುಗ, ನನ್ನ ಪರಿಚಯವಿಲ್ಲದವನು, ಈ ಕತೆ ತೆಗೆದ. ತಾಳದ ಸದ್ದನ್ನು ಬಾಯಲ್ಲಿ ಮಾಡಿದ. ಎಲ್ಲರೂ ನಗುವಾಗ ನಾನು ಎದ್ದು ನಿಂತೆ. ಆಕೆ ನಮ್ಮಮ್ಮ ಎಂದೆ. ನಗು ನಿಂತಿತು. ನಿಲ್ಲಿಸಿದ್ದು ಸಾಲದೆನಿಸಿ ಮುಂದುವರಿಸಿದೆ. ಆಕೆ ಏನು ಹಾಡುತ್ತಿದ್ದೇನೆ ಎಂದು ತಿಳಿದೇ ಹಾಡಿದಳು, ತಿಳಿಯದೆ ಹಾಡಿದವರು ಉಳಿದ ಇಪ್ಪತ್ತು ಜನ, ಕತೆಯಲ್ಲಿ ಪಾಪ ಎನ್ನಬೇಕಾದದ್ದು ಅವರಿಗೆ ಎಂದೆ. ಹುಡುಗ ಒಳ್ಳೆಯವನು. ಕ್ಷಮೆ ಕೇಳಿದ. ಕೇಳಿದ ಮೇಲೆ, ‘ಆದರೆ ಅವರಿಗೆ ಗೊತ್ತಿತ್ತು ಅಂತ ನಿಮಗೆ ಹೇಗೆ ಗೊತ್ತು?’ ಎಂದ.

ಸರಿಯಾದ ಪ್ರಶ್ನೆ. ಅವನ ಜಾಗದಲ್ಲಿದ್ದರೆ ನಾನೂ ಅದನ್ನೇ ಕೇಳುತ್ತಿದ್ದೆ.

ನನ್ನ ಆಧಾರಗಳು ಇವು. ಅಮ್ಮ ನನ್ನ ಸುಳ್ಳನ್ನು ನಂಬಿದ್ದರೆ ಪುಸ್ತಕದಲ್ಲಿ ‘ಗೆ’ ಎಂಬುದರ ಮುಂದೆ ಬುದ್ಧ ಎಂದು ಬರೆಯುತ್ತಿದ್ದಳು. ಬರೆಯಲಿಲ್ಲ. ಯಾವ ದೇವರದು ಎಂದು ಆಂಟಿ ಕೇಳಿದಾಗ ಬುದ್ಧನದು ಎನ್ನುವುದು ಸುಲಭವಿತ್ತು. ಅನ್ನಲಿಲ್ಲ, ಕೇಳಿದ ಪ್ರಶ್ನೆ ಬಿಟ್ಟು ಬೇರೆಯದಕ್ಕೆ ಉತ್ತರ ಕೊಟ್ಟಳು. ಆ ತಂತ್ರ ನಾನು ಕಾಲೇಜಿನಲ್ಲಿ ಕಲಿತದ್ದು ಎಂದುಕೊಂಡಿದ್ದೆ, ಮನೆಯಲ್ಲೇ ಕಲಿತಿದ್ದಿರಬಹುದು. ಮತ್ತೆ ಆ ಖಾಲಿ ಜಾಗ. ಅರ್ಥ ಗೊತ್ತಿಲ್ಲದವಳು ಅಕ್ಕನ ಪಕ್ಕದ ಜಾಗವನ್ನೇ ಏಕೆ ಕಾಯಬೇಕು?

ಎದುರು ವಾದವೂ ನನಗೆ ಗೊತ್ತು. ಬುದ್ಧ ಎಂಬುದು ಅವಳಿಗೆ ಅಷ್ಟು ಪರಿಚಯವಿಲ್ಲದ ದೇವರು, ಅದಕ್ಕೇ ಬರೆಯಲು ಹಿಂಜರಿದಿರಬಹುದು. ಆರೇಳು ವಾರದ ಹಿಂದೆ ಮಗು ಕಳೆದುಕೊಂಡವಳಿಗೆ ಇಕ್ಕಟ್ಟಾಗದಿರಲಿ ಎಂದು ಜಾಗ ಬಿಟ್ಟಿರಬಹುದು. ಅಕ್ಕ ಅರ್ಥ ಹೇಳಿಕೊಟ್ಟಿರಲಿಲ್ಲ, ನಾನು ಹೇಳಿದ್ದೇನೆ ಎಂದುಕೊಂಡಿದ್ದಳಂತೆ. ನ್ಯಾಯವಾಗಿ ನೋಡಿದರೆ ಅವತ್ತು ಲೀಡ್ಸಿನಲ್ಲಿ ಆ ಹುಡುಗ ಗೆದ್ದ.

ಆದರೆ ಹೋದ ತಿಂಗಳು ಅಕ್ಕ ನನ್ನನ್ನು ಮಹಡಿಗೆ ಕರೆದಳು. ಅಮ್ಮ ಹಾಡಿನ ಪುಸ್ತಕವನ್ನು ಬಿಟ್ಟು ಹೋಗಿದ್ದಳು. ಅಮ್ಮ ಯಾವುದನ್ನೂ ಮರೆತು ಹೋಗುವವಳಲ್ಲ. ಆಸ್ಪತ್ರೆಯ ಪೆಟ್ಟಿಗೆ ಇರುವ ಕಪಾಟಿನಲ್ಲಿ, ಆ ಪೆಟ್ಟಿಗೆಯ ಕೆಳಗೆ ಇಟ್ಟಿದ್ದಳು. ಅಕ್ಕ ಪುಟ ತೆಗೆದು ನನ್ನ ಮುಂದೆ ಹಿಡಿದಳು. ಹಾಡು ಕಪ್ಪು ಶಾಯಿಯಲ್ಲಿ. ‘ಗೆ’ ಎಂಬುದರ ಮುಂದೆ ನೀಲಿ ಶಾಯಿಯಲ್ಲಿ ಒಂದು ಹೆಸರು. ಪ್ರಮಾಣಪತ್ರದಲ್ಲಿರುವ ಹೆಸರು. ಇಡಬಾರದು ಎಂದು ದೊಡ್ಡಮ್ಮ ಹೇಳಿದ್ದು, ಅಪ್ಪ ಕೇಳದೇ ಇದ್ದದ್ದು, ನಮ್ಮ ಕಡೆಯವರ ಬಾಯಲ್ಲಿ ಒಂದು ಸಲವೂ ಬರದ ಹೆಸರು. ಅದನ್ನು ನಾನು ಇಲ್ಲಿ ಬರೆಯುವುದಿಲ್ಲ. ಅದು ಅಕ್ಕನದು, ಈಗ ಅಮ್ಮನದೂ ಹೌದು.

‘ನೀನು ಹೇಳಿದ್ಯಾ?’ ಎಂದು ಅಕ್ಕ ಕೇಳಿದಳು. ನಾನು ಇಲ್ಲ ಎಂದೆ. ಅವಳೂ ಹೇಳಿರಲಿಲ್ಲ, ಭಾವನೂ ಹೇಳಿರಲಿಲ್ಲ. ಅಮ್ಮ ತಾನೇ ಪೆಟ್ಟಿಗೆ ತೆರೆದು, ಪ್ರಮಾಣಪತ್ರ ಓದಿ, ಮತ್ತೆ ಮೊದಲಿದ್ದ ಹಾಗೇ ಮಡಚಿಟ್ಟಿರಬೇಕು.

ಆ ಹಾಡು ಒಳ್ಳೆಯ ಹಾಡು ಎಂದು ನಾನು ಇವತ್ತಿಗೂ ಒಪ್ಪಿಲ್ಲ. ಸ್ಟೇಷನ್, ಋತು, ಧನ್ಯವಾದ, ಏರುವ ಶ್ರುತಿ, ಎಲ್ಲ ಹಾಗೇ ಇದೆ. ನನ್ನ ಟೀಕೆಯಲ್ಲಿ ಒಂದು ಪದವನ್ನೂ ಹಿಂದೆ ತೆಗೆದುಕೊಳ್ಳುವುದಿಲ್ಲ. ಟೀಕೆ ಸರಿ, ಟೀಕಿಸಿದ ಜಾಗ ತಪ್ಪು. ಆದರೆ ಅಕ್ಕನನ್ನು ಸುಮ್ಮನಿರಿಸಲು ಬಂದ ಯಾರ ಮಾತಿನಲ್ಲೂ ಆ ಹಾಡಿನಷ್ಟು ಧೈರ್ಯ ಇರಲಿಲ್ಲ. ನನ್ನ ಮಾತನ್ನೂ ಸೇರಿಸಿಯೇ ಹೇಳುತ್ತಿದ್ದೇನೆ.

ಇನ್ನು ಒಂದೇ ಬಾಕಿ. ಹಾಡು ಬರೆದುಕೊಂಡ ಶನಿವಾರ ‘ಗೆ’ ಎಂಬುದರ ಮುಂದೆ ಖಾಲಿ ಇದ್ದ ಆ ಜಾಗ ತುಂಬಿದ್ದು ಯಾವಾಗ? ಭಜನೆಗೆ ಮೊದಲೇ ಆಗಿದ್ದರೆ, ನಾನು ದಹನದ ದಿನ ತಡೆದದ್ದನ್ನು ಅಮ್ಮ ಇಪ್ಪತ್ತು ಜನರನ್ನು ಕೂರಿಸಿಕೊಂಡು ನೆರವೇರಿಸಿದಳು. ಆಮೇಲೆ ಆಗಿದ್ದರೆ, ನನ್ನ ಸುಳ್ಳನ್ನು ನಂಬಿ ಮೊಮ್ಮಗಳನ್ನು ಕಳಿಸಿಕೊಡುವ ಹಾಡನ್ನು ತಿಳಿಯದೆ ಹಾಡಿದಳು, ಕತೆ ಹೇಳುವವರ ಮಾತೇ ನಿಜ, ಅವಳನ್ನು ನಗೆಪಾಟಲು ಮಾಡಿದವಳು ನಾನು.

ಭಾನುವಾರದ ವಿಡಿಯೋ ಕರೆಯಲ್ಲಿ ಕೇಳಿಯೇಬಿಟ್ಟೆ. ಪುಸ್ತಕವನ್ನು ಕ್ಯಾಮರಾಕ್ಕೆ ಹಿಡಿದೆ. ಅಮ್ಮ ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದಳು. ಆ ಕಡೆ ಪ್ರೆಶರ್ ಕುಕ್ಕರ್ ಕೂಗಿತು. ಅವಳು ಏಳಲಿಲ್ಲ. ನೀಲಿ ಅಕ್ಷರಗಳನ್ನು ನೋಡುತ್ತಲೇ ಇದ್ದಳು.

ಅಮ್ಮ, ಈ ಹೆಸರನ್ನು ನೀನು ಹಾಡುವ ಮೊದಲು ಬರೆದೆಯೋ, ಹಾಡಿದ ಮೇಲೋ?